ಟಕಟಕ ಅಕ್ಕನ ಬಿಳಿ ತೇಪೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರಾಟಕ್ಕಿರುವ ಮನೆಯೊಂದರ ಹಿಂದಿನ ಕೋಣೆಯಲ್ಲಿ ಹೆಂಗಸೊಬ್ಬರು ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ. ಕೈಯಲ್ಲಿ ಹೆಬ್ಬೆರಳಿನಷ್ಟು ತಲೆಯ ಪುಟ್ಟ ಸುತ್ತಿಗೆ. ಟಕ್ ಟಕ್. ಒಂದು ಗೇಣು ಸರಿದು ಮತ್ತೆ ಟಕ್ ಟಕ್. ಬಾಗಿಲ ಬಳಿ ನಾಲ್ಕು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ: ಮನೆ ಮಾರುವ ನಿವೃತ್ತ ಬಸ್ ಚಾಲಕ ಮತ್ತು ಅವರ ಹೆಂಡತಿ, ಕೊಳ್ಳಲು ಬಂದ ದರ್ಜಿ ಮತ್ತು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಹೆಂಡತಿ.

ಸುತ್ತಿಗೆ ನಿಲ್ಲುತ್ತದೆ. ಹೆಂಗಸು ಟಾರ್ಚ್ ಹಚ್ಚಿ, ಕಿಟಕಿಯ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಇಳಿದ ಬಿರುಕಿನ ಮೇಲೆ ಬೆಳಕು ಬಿಡುತ್ತಾರೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಆಮೇಲೆ ತಿರುಗಿ ಕೇಳುತ್ತಾರೆ: "ನನ್ನ ತೇಪೆ ಎಲ್ಲಿ?"

ನಾಲ್ವರೂ ಗೋಡೆಯತ್ತ ಕತ್ತು ಚಾಚುತ್ತಾರೆ.

ಮನೆ ಕೊಳ್ಳುವಾಗ ನಾವು ರಸ್ತೆ ನೋಡುತ್ತೇವೆ, ನೆರೆಯವರನ್ನು ನೋಡುತ್ತೇವೆ, ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದು ಮುಚ್ಚಿ ನೋಡುತ್ತೇವೆ. ಬಣ್ಣ ನೋಡಿ ಗೋಡೆಯನ್ನೇ ನೋಡಿದೆವು ಅಂದುಕೊಳ್ಳುವಷ್ಟು ಬುದ್ಧಿವಂತರು ನಾವು. ಬಣ್ಣದ ಹಿಂದೆ ಏನಿದೆ ಎಂದು ಹೇಳುವುದು ಈ ಅಕ್ಕನ ಕೆಲಸ. ಕಸುಬಿನವರೆಲ್ಲ ಇವರನ್ನು ಟಕಟಕ ಅಕ್ಕ ಅನ್ನುತ್ತಾರೆ. ದಲ್ಲಾಳಿಗಳು ಮಾತ್ರ ಬೆನ್ನ ಹಿಂದೆ 'ಮನೆಮುರುಕಿ' ಅನ್ನುತ್ತಾರೆ. ಅನ್ನಲಿ. ಮುರುಕು ಮನೆಗೆ ಬಣ್ಣ ಬಳಿದು ಮಾರುವವರ ಬಾಯಲ್ಲಿ ಇನ್ನೇನು ಬಂದೀತು?

ಅಕ್ಕ ಮೊದಲು ಇಟ್ಟಿಗೆ ಹೊರುತ್ತಿದ್ದವರು. ಗಂಡ ಗಾರೆ ಕೆಲಸದ ಮೇಸ್ತ್ರಿ. ಕಟ್ಟಡಕ್ಕೆ ಕಟ್ಟಿದ ಮರದ ಸಾರುವೆಯಿಂದ ಬಿದ್ದು ಅವರ ಸೊಂಟ ಹೋದ ಮೇಲೆ ಮನೆಯ ಭಾರವೂ ಅಕ್ಕನ ತಲೆಗೇ ಬಂತು. ಗಂಡ ಹಾಸಿಗೆಯಲ್ಲಿ ಮಲಗಿಕೊಂಡೇ ಗೋಡೆ ಬಡಿಸಿ, ಶಬ್ದ ಕೇಳಿಸಿ, ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಕಲಿಸಿದರು. ಈಗ ಎಂಜಿನಿಯರ್ ಒಬ್ಬರ ಕಚೇರಿಯಿಂದ ಕೆಲಸ ಬರುತ್ತದೆ. ದಿನಕ್ಕೆ ಎರಡು ಮನೆ, ಒಮ್ಮೊಮ್ಮೆ ಮೂರು. ವರದಿಯಲ್ಲಿ ಸಹಿ ಎಂಜಿನಿಯರರದು, ಕಿವಿ ಇವರದು. ಅಟ್ಟದ ಮೇಲಿನ ಇಲಿ, ನೀರಿನ ತೊಟ್ಟಿಯ ಪಾಚಿ, ಮಾರುವವರ ಬೈಗುಳ, ಎಲ್ಲವೂ ಸಂಬಳದಲ್ಲಿ ಸೇರಿದೆ. ಬೆಳಗಿನ ಜಾವವೇ ಯಾಕೆ ಎಂದರೆ, "ಬಿಸಿಲೇರಿದ್ರೆ ಒದ್ದೆ ಗೋಡೆನೂ ಸಾಚಾ ಮುಖ ಮಾಡ್ಕೊಂಡು ನಿಂತ್ಬಿಡುತ್ತೆ" ಅನ್ನುತ್ತಾರೆ.

ಬಿರುಕು ಕಂಡರೆ ಅಕ್ಕನದು ಒಂದೇ ಪದ್ಧತಿ. ಬಿಳಿ ಪ್ಲಾಸ್ಟರ್ ಕಲಸಿ, ಬಿರುಕಿಗೆ ಅಡ್ಡಲಾಗಿ ಅಂಗೈ ಅಗಲದ ತೇಪೆ ಹಚ್ಚಿ, ಮೊಳೆಯಿಂದ ಅದರ ಮೇಲೆ ತಾರೀಖು ಗೀರಿ ಹೋಗುತ್ತಾರೆ. ಕೆಲವು ವಾರ ಬಿಟ್ಟು ಬಂದು ನೋಡುತ್ತಾರೆ. ತೇಪೆ ಹಾಗೇ ಇದ್ದರೆ ಬಿರುಕು ಹಳೆಯದು, ಗೋಡೆ ತಣ್ಣಗೆ ಕೂತಿದೆ. ತೇಪೆ ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಮೂರು ವಾರದ ಹಿಂದೆ ಈ ಕೋಣೆಯಲ್ಲೂ ಹಾಗೇ ಹಚ್ಚಿದ್ದರು. ಅದನ್ನು ನೋಡಿದ ಮೇಲೆ ಬೆಲೆ ಪಕ್ಕಾ ಮಾಡುವುದೆಂದು ಮಾತಾಗಿತ್ತು. ಈಗ ನೋಡಿದರೆ ತೇಪೆಯೇ ಇಲ್ಲ.

ಮೊದಲು ಸಿಡಿಯುವವರು ದರ್ಜಿ. "ಒಡೆದಿತ್ತು, ಅದಕ್ಕೇ ಕಿತ್ತು ಹಾಕಿದ್ದಾರೆ. ಇನ್ನೇನು ಸಾಕ್ಷಿ ಬೇಕು ನಿನಗೆ?" ಹೇಳಿದ್ದು ಹೆಂಡತಿಗೆ, ಕೇಳಿಸಬೇಕಾದ್ದು ಚಾಲಕರಿಗೆ.

"ಯಾರಯ್ಯ ಕಿತ್ತಿದ್ದು? ಜೀವಮಾನವೆಲ್ಲ ಸ್ಟೇರಿಂಗ್ ಹಿಡಿದೋನು ನಾನು. ಕಳ್ಳತನ ಮಾಡೋನಾಗಿದ್ರೆ ಡೀಸೆಲ್ಲಲ್ಲೇ ಮಾಡ್ತಿದ್ದೆ!"

"ಹಂಗಾದ್ರೆ ಗೋಡೆನೇ ನುಂಗ್ತಾ?"

"ಬೇಕಾದ್ರೆ ತಗೊ, ಬೇಡಾದ್ರೆ ಬಿಡು. ಹತ್ತು ಗಂಟೆಗೆ ಇನ್ನೊಬ್ರು ಮುಂಗಡ ಹಿಡ್ಕೊಂಡು ಬರ್ತಾರೆ. ಅವರಿಗೆ ಸುತ್ತಿಗೆನೂ ಬೇಡ, ತೇಪೆನೂ ಬೇಡ."

ಚಾಲಕರ ಹೆಂಡತಿ ಸೆರಗಿನ ತುದಿ ಹಿಂಡುತ್ತಾ ಮುಂದೆ ಬರುತ್ತಾರೆ. "ನಾನೇ ಕೆರೆದೆ. ಮನೆ ನೋಡೋಕೆ ಜನ ಬರ್ತಾರೆ, ಗೋಡೆ ಮೇಲೆ ಇದೆಂಥ ಗಲೀಜು ಅಂತ ಚಾಕು ತಗೊಂಡು ಕೆರೆದು ಹಾಕ್ದೆ. ಒದ್ದೆ ಬಟ್ಟೇಲಿ ಒರೆಸಿದೆ ಬೇರೆ."

"ಒಡೆದಿತ್ತಾ ಅಮ್ಮ?" ನರ್ಸ್ ಮೆಲ್ಲಗೆ ಕೇಳುತ್ತಾರೆ.

"ನೋಡ್ಲಿಲ್ವೇ ತಾಯಿ. ಗಲೀಜು ಒಡೆದಿದ್ಯಾ ಅಂತ ಯಾರು ನೋಡ್ತಾರೆ?"

ಈಗ ಎಲ್ಲರೂ ತಿರುಗುವುದು ಅಕ್ಕನ ಕಡೆಗೆ. "ಒಡೆದಿತ್ತು ಅಂತ ಒಂದು ಮಾತು ಹೇಳಿಬಿಡಿ ಅಕ್ಕ, ಬೆಲೆ ತಾನಾಗೇ ಇಳಿಯುತ್ತೆ" ಅನ್ನುತ್ತಾರೆ ದರ್ಜಿ. "ಗೋಡೆ ಕಲ್ಲಿನ ಹಂಗಿದೆ ಅಂತ ಹೇಳಮ್ಮ" ಅನ್ನುತ್ತಾರೆ ಚಾಲಕರು.

"ನನಗೆ ಗೊತ್ತಿಲ್ಲ" ಅನ್ನುತ್ತಾರೆ ಅಕ್ಕ.

"ಗೊತ್ತಿಲ್ಲ ಅನ್ನೋಕೆ ನಿಮಗೆ ಫೀಸು ಯಾಕೆ ಕೊಡ್ಬೇಕು?" ದರ್ಜಿ ರೇಗುತ್ತಾರೆ.

"ಕೊಡಬೇಡಿ. ಕೊಟ್ರೂ ಗೊತ್ತಿಲ್ಲ, ಕೊಡದಿದ್ರೂ ಗೊತ್ತಿಲ್ಲ." ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ತಪ್ಪು ನಂದು. ತೇಪೆ ಯಾಕೆ ಅಂತ ಯಜಮಾನ್ರಿಗೆ ಹೇಳ್ದೆ, ಅಮ್ಮನಿಗೆ ಹೇಳ್ಲಿಲ್ಲ."

'ಗೊತ್ತಿಲ್ಲ' ಅನ್ನುವುದು ಸುಲಭವಲ್ಲ. ಊಹೆಯನ್ನೇ ವರದಿ ಎಂದು ಟೈಪು ಮಾಡಿ ಕೊಡುವವರಿಗೇನೂ ಬರಗಾಲವಿಲ್ಲ. ಅಕ್ಕನ ಒಂದು ಮಾತಿಗೆ ಅಲ್ಲಿ ಒಂದು ಮನೆಯೇ ಈ ಕಡೆಯೋ ಆ ಕಡೆಯೋ ವಾಲುತ್ತಿತ್ತು.

ದರ್ಜಿ ದಂಪತಿ ಅಂಗಳಕ್ಕೆ ಬರುತ್ತಾರೆ. ಇವರಿರುವ ಬಾಡಿಗೆ ಮನೆ ತಿಂಗಳ ಕೊನೆಗೆ ಖಾಲಿಯಾಗಬೇಕು. ಕೂಡಿಟ್ಟದ್ದೆಲ್ಲ ಈ ಮನೆಗೇ ಸರಿಹೋಗುತ್ತದೆ, ಗೋಡೆ ಕಟ್ಟಿಸಲು ಏನೂ ಉಳಿಯುವುದಿಲ್ಲ. ಬೆಲೆ ಇಳಿಸಿ ಎಂದರೆ ಹತ್ತು ಗಂಟೆಗೆ ಮನೆ ಬೇರೆಯವರ ಪಾಲು. ಬಾಯಿ ಮುಚ್ಚಿಕೊಂಡರೆ ಆ ಗೋಡೆಯ ಬದಿಗೆ ಇವರ ಮಗಳು ಮಲಗಬೇಕು.

"ಎಕ್ಸ್‌ರೇ ತೆಗೀದೆ ಕಾಲು ಮುರಿದಿದೆ ಅಂತ ಕಟ್ಟು ಹಾಕ್ತಾರೇನ್ರೀ? ಈಗ ಬೆಲೆ ಇಳಿಸಿ ಅಂದ್ರೆ ಅವರನ್ನ ಕಳ್ಳರು ಅಂದ ಹಾಗೆ."

"ಅನ್ನದಿದ್ರೆ ನಮ್ಮನ್ನ ನಾವೇ ದಡ್ಡರು ಅಂದ್ಕೊಂಡ ಹಾಗೆ!"

ದರ್ಜಿ ಗೊಣಗುತ್ತಿರುವಾಗಲೇ ನರ್ಸ್ ಒಳಗೆ ಹೋಗುತ್ತಾರೆ. "ಬೆಲೆ ಇವತ್ತು ಮಾತಾಡಲ್ಲ. ಇನ್ನೊಂದು ತೇಪೆ ಹಾಕ್ಸಿ. ಒಡೀದಿದ್ರೆ ನೀವು ಹೇಳಿದ್ದೇ ಬೆಲೆ. ಒಡೆದ್ರೆ ಗೋಡೆ ಸರಿ ಮಾಡೋ ಖರ್ಚು ಕಳೀಬೇಕು."

"ಹತ್ತು ಗಂಟೆಯೋರಿಗೆ ಏನಂತ ಹೇಳ್ಲಿ?" ಚಾಲಕರ ದನಿ ಏರುತ್ತದೆ.

"ನಾನು ಹೇಳ್ತೀನಿ" ಅನ್ನುತ್ತಾರೆ ಅವರ ಹೆಂಡತಿ. "ಕೆರೆದೋಳು ನಾನು ತಾನೆ? ನೀವು ಸುಮ್ನೆ ಬ್ರೇಕ್ ಹಾಕಿ."

ಚಾಲಕರು ಬ್ರೇಕ್ ಹಾಕುತ್ತಾರೆ. ಅಕ್ಕ ಆಗಲೇ ಪ್ಲಾಸ್ಟರ್ ಕಲಸಲು ಕೂತಾಗಿದೆ.

ಮೂರು ವಾರ ಕಳೆದು ಮತ್ತೆ ಅದೇ ಹೊತ್ತು, ಅದೇ ನಾಲ್ಕು ಜನ. ದರ್ಜಿ ದಂಪತಿ ಬಾಡಿಗೆ ಮನೆಯ ಮಾಲೀಕರ ಕೈಕಾಲು ಹಿಡಿದು ಇನ್ನಷ್ಟು ಅವಧಿ ಕೇಳಿಕೊಂಡಿದ್ದಾರೆ. ತೇಪೆಯ ಹತ್ತಿರ ಯಾರೂ ಸುಳಿಯದಂತೆ ಗೋಡೆಗೆ ಅಡ್ಡವಾಗಿ ಕುರ್ಚಿ ಇಟ್ಟು ಕಾದಿದ್ದಾರೆ ಚಾಲಕರ ಹೆಂಡತಿ. ಗಂಡನಿಗೂ ಪ್ರವೇಶವಿರಲಿಲ್ಲವಂತೆ. ಅಕ್ಕ ಕುರ್ಚಿ ಸರಿಸಿ ಟಾರ್ಚ್ ಹಿಡಿಯುತ್ತಾರೆ.

ತಾರೀಖಿನ ನಡುವೆಯೇ ಕೂದಲೆಳೆಯಂಥ ಗೆರೆ.

ಚಾಲಕರು ಬಗ್ಗಿ, ಆ ಗೆರೆಯ ಮೇಲೆ ಉಗುರು ಆಡಿಸಿ, ನಿಧಾನಕ್ಕೆ ನೆಟ್ಟಗಾಗುತ್ತಾರೆ. "ಎಷ್ಟು ಇಳಿಸ್ಬೇಕು, ನೀನೇ ಹೇಳಮ್ಮ."

"ಅದು ನನ್ನ ಕೆಲಸ ಅಲ್ಲ ಅಣ್ಣ. ನಾನು ಗೋಡೆ ನೋಡೋಳು" ಎಂದು ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಒಳಗೆ ದನಿಗಳು ಏರುತ್ತವೆ, ಇಳಿಯುತ್ತವೆ, ಮತ್ತೆ ಏರುತ್ತವೆ. ಕೊನೆಗೆ ಬಾಗಿಲು ತೆರೆಯುತ್ತದೆ.

"ಗೋಡೆ ಖರ್ಚು ಕಳೆದಿದೀನಿ. ಅದರ ಮೇಲೆ ಒಂದು ಕಾಸೂ ಇಲ್ಲ" ಅನ್ನುತ್ತಾರೆ ಚಾಲಕರು.

"ಕೇಳಿ ನೋಡ್ದೆ ಅಕ್ಕ, ಕೊಡ್ಲಿಲ್ಲ" ಅನ್ನುತ್ತಾರೆ ದರ್ಜಿ. ಅವರ ಹಿಂದೆ ನರ್ಸ್ ಕಣ್ಣೊರೆಸಿಕೊಂಡು ನಗುತ್ತಿದ್ದಾರೆ.

ಮುಂದಿನ ಮನೆಗೆ ನಡೆಯುತ್ತಾ, ನಿಮ್ಮ ಮನೆಯ ಗೋಡೆ ಹೇಗಿದೆ ಎಂದು ಕೇಳಿದರೆ ಅಕ್ಕ ಜೋರಾಗಿ ನಗುತ್ತಾರೆ. "ಬಾಡಿಗೆ ಮನೆ. ಒಂದು ದಿನವೂ ಬಡಿದು ನೋಡಿಲ್ಲ. ನೋಡಿದ್ರೆ ಆಮೇಲೆ ನಿದ್ದೆ ಬರಬೇಕಲ್ಲ? ಸ್ವಂತದ್ದು ಒಂದು ಗೋಡೆ ಆದ್ರೆ, ಮೊದಲ ದಿನವೇ ನಮ್ಮೋರ ಕೈಗೆ ಸುತ್ತಿಗೆ ಕೊಟ್ಟು, ಮಲಗಿದಲ್ಲಿಂದಲೇ ಬಡೀರಿ ಅಂತೀನಿ."

ಮುಂದಿನ ಮನೆಯ ಯಜಮಾನರು ಬಾಗಿಲಲ್ಲೇ ನಿಂತು, ಏನೇ ಹೇಳುವುದಿದ್ದರೂ ತನಗೆ ಹೇಳಿದರೆ ಸಾಕು ಅನ್ನುತ್ತಾರೆ. ಅಕ್ಕ ಚೀಲ ಕೆಳಗಿಡುವುದಿಲ್ಲ.

"ನಿಮಗೆ ಆಮೇಲೆ ಹೇಳ್ತೀನಿ ಅಣ್ಣ. ಈ ಮನೇಲಿ ಗುಡಿಸಿ ಒರೆಸೋರು ಯಾರು? ಮೊದ್ಲು ಅವರನ್ನ ಕರೀರಿ."