ದೊಡ್ಡಮ್ಮನ ಯುವರಾಜ

ಹೊತ್ತಿಲ್ಲದ ಹೊತ್ತಿನಲ್ಲಿ ಎಲೆಯಡಿಕೆ ಹಾಕುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮನ ತೋರುಬೆರಳು ಯಾವಾಗಲೂ ಸುಣ್ಣದಿಂದ ಬೆಳ್ಳಗಿರುತ್ತಿತ್ತು. ಅದೇ ಬೆರಳಿನಿಂದ ಚಾವಡಿಯ ಗೋಡೆಯಲ್ಲಿದ್ದ ಯುವರಾಜನ ಕೆನ್ನೆ ಸವರುತ್ತಿದ್ದರು. ಗಾಜಿನ ಮೇಲೆ ಬಿಳಿ ಗೆರೆ ಮೂಡಿದರೆ, ತಮಗೇ ಬೈದುಕೊಂಡು ಸೆರಗಿನಿಂದ ಒರೆಸುತ್ತಿದ್ದರು.

ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತಿದ ಚಿತ್ರ ಅದು. ಅವರ ಗಂಡ ಬದುಕಿದ್ದಾಗ ಮಂಗಳೂರಿನಿಂದ ತಂದದ್ದಂತೆ. ಯಾವ ಸಂಸ್ಥಾನದ ಹುಡುಗನೋ, ತಲೆಗೆ ಪೇಟ, ಕೊರಳಲ್ಲಿ ಮುತ್ತಿನ ಸರ. ಸ್ವಾತಂತ್ರ್ಯ ಬಂದು ರಾಜರ ಪಟ್ಟಗಳೆಲ್ಲ ಹೋದರೂ ಇವನ ಪಟ್ಟ ಹೋಗಲಿಲ್ಲ. ದೊಡ್ಡಮ್ಮನ ಒಬ್ಬನೇ ಮಗ ಎಳವೆಯಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಆಗ ನಮ್ಮ ಅಡೂರಿನಲ್ಲಿ ಫೋಟೊ ತೆಗೆಸುವವರು ಯಾರು? "ಕಣ್ಣು ನೋಡು ಮಾರಾಯ್ತಿ, ನನ್ನವನದ್ದೇ" ಎನ್ನುತ್ತಿದ್ದರು.

ಮದುವೆಯಾಗದೆ ಸತ್ತವರಿಗೆ, ಬದುಕಿದ್ದರೆ ಪ್ರಾಯಕ್ಕೆ ಬರುತ್ತಿದ್ದ ಕಾಲಕ್ಕೆ, ತೀರಿಹೋದ ಇನ್ನೊಂದು ಮನೆಯ ಮಗಳನ್ನು ಹುಡುಕಿ ಮದುವೆ ಮಾಡುವುದು ನಮ್ಮ ಕಡೆಯ ಕ್ರಮ. ಇಲ್ಲದಿದ್ದರೆ ಆ ಜೀವಕ್ಕೆ ನೆಮ್ಮದಿಯಿಲ್ಲ. ದೊಡ್ಡಮ್ಮ ವರ್ಷಗಟ್ಟಲೆ ಹುಡುಕಿದ ಮೇಲೆ ಕುಂಬ್ಡಾಜೆಯಿಂದ ಒಂದು ಸಂಬಂಧ ಬಂತು. ಹೆಣ್ಣಿನ ತಾಯಿ ಮನೆ ನೋಡಲು ಬರುತ್ತಾರೆಂದಾಗ ನೆಂಟರು ಯುವರಾಜನ ಚಿತ್ರ ತೋರಿಸಿ, "ಹುಡುಗ ಇವನೇ ಅಂತ ಹೇಳಿಬಿಡಿ, ಯಾರಿಗೆ ಗೊತ್ತಾಗ್ತದೆ?" ಎಂದರು. ದೊಡ್ಡಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಈ ಸಂಬಂಧ ತಪ್ಪಿದರೆ ಇನ್ನೊಂದು ಸಿಗುವ ಭರವಸೆ ಅವರಿಗಿರಲಿಲ್ಲ.

ಬಂದಾಕೆ ಚಿತ್ರದ ಮುಂದೆ ನಿಂತರು. "ಇಷ್ಟು ಚಂದ ಇದ್ದನಾ?"

ನಾನು ಬಾಗಿಲ ಬಳಿ ನಿಂತಿದ್ದೆ.

"ಇಲ್ಲ" ಎಂದರು ದೊಡ್ಡಮ್ಮ. "ಇದು ಯಾರೋ ರಾಜನ ಮಗ. ನನ್ನವ ಕಪ್ಪು. ಒಂದು ಕಾಲು ಕುಂಟು. ಕಣ್ಣು ಮಾತ್ರ ಹೀಗೇ."

ಆಕೆ ಚಿತ್ರದ ಕಣ್ಣನ್ನೇ ನೋಡಿದರು. ಆಮೇಲೆ, "ನಿಮಗೆ ಕಣ್ಣಾದರೂ ನೆನಪುಂಟು. ನನ್ನ ಮಗಳ ಮುಖವೇ ನನಗೆ ಮರೆತುಹೋಗಿದೆ ಅಕ್ಕಾ" ಎಂದು ಅಳತೊಡಗಿದರು. ದೊಡ್ಡಮ್ಮ ಅವರ ಕೈ ಹಿಡಿದುಕೊಂಡರು. ನನಗೂ ತಡೆಯಲಾಗಲಿಲ್ಲ.

ಮಳೆಗಾಲದ ಆಟಿ ತಿಂಗಳಲ್ಲಿ ಎರಡು ಮಣೆಗಳ ಮೇಲೆ ಪಂಚೆ, ಸೀರೆ ಇಟ್ಟು ಮದುವೆ ಮಾಡಿದರು. ಬೀಗಿತ್ತಿಯರು ಹಬ್ಬಕ್ಕೆ ಹೋಗಿಬಂದು ಮಾಡುತ್ತಿದ್ದರು.

ಕೆಲವು ವರ್ಷಗಳ ಮೇಲೆ ದೊಡ್ಡಮ್ಮ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರು ಹೊರಟಿದ್ದರು. ಕುಂಬ್ಡಾಜೆಯ ಬೀಗಿತ್ತಿ ಮಾತ್ರ ಚಾವಡಿಯಲ್ಲೇ ನಿಂತಿದ್ದರು. ಗಾಜಿನ ಮೇಲೆ ಒಂದು ಸುಣ್ಣದ ಗೆರೆ ಹಾಗೆಯೇ ಉಳಿದಿತ್ತು. ಅವರು ಅದನ್ನು ಒರೆಸದೆ ಚಿತ್ರವನ್ನು ಇಳಿಸಿ ಎದೆಗೊತ್ತಿಕೊಂಡರು.

"ಇಲ್ಲಿ ಒಬ್ಬನೇ ಎಂತ ಮಾಡುವುದು?" ಎಂದರು ನನ್ನನ್ನು ನೋಡಿ. "ಅಳಿಯನನ್ನು ನಾನು ಕರೆದುಕೊಂಡು ಹೋಗ್ತೇನೆ."