ಲೆಕ್ಕಕ್ಕೆ ಸಿಗದ ಕಿಲೋಮೀಟರು

ಸಂಚಿತಾ ಸುಳ್ಳು ಹೇಳಲು ಬಾರದ ಹೆಂಗಸು. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ಇದರಿಂದ ಅವಳಿಗೆ ಆದ ಉಪಕಾರ ಅಷ್ಟಕ್ಕಷ್ಟೇ. ಸಣ್ಣವಳಿದ್ದಾಗ ಪಕ್ಕದ ಮನೆಯ ಪೇರಳೆ ಕದ್ದು ತಿಂದು, ಯಾರೂ ಕೇಳುವ ಮೊದಲೇ ತಾನಾಗಿ ಹೋಗಿ ಹೇಳಿ ಬೈಸಿಕೊಂಡು ಬಂದವಳು. ಈಗ ಸುರತ್ಕಲ್‌ನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಉತ್ತರ ಗೊತ್ತಿಲ್ಲ ಎಂದವರ ಮೇಲೆ ಸಿಟ್ಟಾಗುವುದಿಲ್ಲ, ಗೊತ್ತಿದ್ದವರ ಹಾಗೆ ನಟಿಸುವವರನ್ನು ಮಾತ್ರ ಬಿಡುವುದಿಲ್ಲ. ಬಾಯಿ ಸ್ವಲ್ಪ ಜೋರು, ನಗು ಅದಕ್ಕಿಂತ ಜೋರು. ಅಂಥವಳ ಮಾತನ್ನು ಕಟ್ಟಿಕೊಂಡ ಗಂಡ ನಂಬದೆ ಹೋದದ್ದು ಒಂದು ಬ್ಯಾಟರಿಯಿಂದಾಗಿ ಎಂದರೆ ನಿಮಗೆ ನಗು ಬಂದೀತು. ನಗಬೇಡಿ, ಪೂರ್ತಿ ಕೇಳಿ.

ಗಂಡ ಪೃಥ್ವಿರಾಜ್ ಸೌದಿಯ ಜುಬೈಲ್‌ನಲ್ಲಿ ಮೆಂಟೆನೆನ್ಸ್ ಎಂಜಿನಿಯರ್, ತೈಲದ ಕಾರ್ಖಾನೆಯಲ್ಲಿ. ವರ್ಷಕ್ಕೊಂದು ಸಲ ರಜೆ. ಉಳಿದ ದಿನವೆಲ್ಲ ಕೊಟ್ಟಾರದ ಮನೆಯಲ್ಲಿ ಇಬ್ಬರೇ, ಸಂಚಿತಾ ಮತ್ತು ಅವಳು ‘ಮಾಮಿ’ ಎಂದು ಕರೆಯುವ ಅತ್ತೆ ಜಲಜಾಕ್ಷಿ. ನಾಲ್ಕು ವರ್ಷದ ಹಿಂದೆ ರಜೆಯಲ್ಲಿ ಬಂದವನು ಹೆಂಡತಿಗೆಂದು ಒಂದು ಕಾರು ತೆಗೆದ. ಕರೆಂಟಿಗೂ ಓಡುವ, ಪೆಟ್ರೋಲಿಗೂ ಓಡುವ ಕಾರು. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿಟ್ಟರೆ ಬೆಳಗ್ಗೆ ಬ್ಯಾಟರಿ ತುಂಬಿರುತ್ತದೆ. ಅದರಲ್ಲಿ ನಲವತ್ತು ಕಿಲೋಮೀಟರು ಸದ್ದಿಲ್ಲದೆ ಹೋಗಬಹುದು. ಬ್ಯಾಟರಿ ಖಾಲಿಯಾದ ಮೇಲೆ ಎಂಜಿನ್ ತಾನಾಗಿ ಎದ್ದು ಪೆಟ್ರೋಲು ಕುಡಿಯಲು ಶುರು ಮಾಡುತ್ತದೆ.

“ಬೆಳಗ್ಗಿಂದ ಸಂಜೆವರೆಗೆ ಪೆಟ್ರೋಲಿನ ವಾಸನೆ ಕುಡಿಯುವವ ನಾನು. ನೀನು ಒಂದು ಹನಿ ಕೂಡ ಸುಡ್ಬಾರ್ದು” ಎಂದಿದ್ದ ಪೃಥ್ವಿ. ದಿನಾ ರಾತ್ರಿ ಫುಲ್ ಮಾಡಬೇಕು, ಎಂಜಿನ್ ಏಳಲೇಬಾರದು. ಇದು ಅವನ ಕಾನೂನು. ಕೊಟ್ಟಾರದಿಂದ ಸುರತ್ಕಲ್‌ಗೆ ಹೋಗಿ ಬರಲು ಇಪ್ಪತ್ತೈದು ಕಿಲೋಮೀಟರು, ಮನೆಗೆ ಬಂದ ಮೇಲೂ ಹದಿನೈದು ಕೈಯಲ್ಲಿ ಉಳಿಯುತ್ತಿತ್ತು. ಅವನು ಜುಬೈಲ್‌ಗೆ ಮರಳಿದ ವಾರ ಅವಳು ಕಾರಿನ ಮುಂದಿನ ಪರದೆಯ ಫೋಟೋ ತೆಗೆದು ಕಳಿಸಿದಳು. ಉಳಿದದ್ದು ಹದಿನೈದು ಎಂದು ಅದರಲ್ಲಿತ್ತು, ಕೆಳಗೆ ಅವಳು ‘ಒಂದು ಹನಿಯೂ ಇಲ್ಲ’ ಎಂದು ಬರೆದಿದ್ದಳು. ಅವನಿಂದ ಸಾಲಾಗಿ ಕೆಂಪು ಹೃದಯಗಳು ಬಂದವು. ಅಂದಿನಿಂದ ಅದೇ ಪದ್ಧತಿಯಾಯಿತು. ಊರಿನ ಬೇರೆ ಗಂಡ ಹೆಂಡತಿಯರು ಚಾ ಆಯ್ತಾ, ಊಟ ಆಯ್ತಾ ಎಂದು ಕೇಳಿಕೊಂಡರೆ, ಇವರದ್ದು ಈ ಫೋಟೋ. ಚಪ್ಪಲಿ ಬಿಚ್ಚುವ ಮೊದಲೇ ಅವಳು ಕಳಿಸಿಬಿಡುತ್ತಿದ್ದಳು. ಮೂರು ವರ್ಷ ಅದು ಪ್ರೀತಿಯೇ ಆಗಿತ್ತು. ಯಾವತ್ತು ಪ್ರೀತಿ ಅಲ್ಲದೆ ಹೋಯಿತು ಎಂದು ಕೇಳಿದರೆ ಅವಳಿಗೂ ಹೇಳಲಾಗದು.

ಕಳೆದ ಬೇಸಿಗೆಯಿಂದ ಉಳಿಕೆ ಇಳಿಯತೊಡಗಿತು. ಹದಿನೈದು ಇದ್ದದ್ದು ಹತ್ತಾಯಿತು. ಎಸಿ ಜಾಸ್ತಿ ಹಾಕಿದ್ಯಾ ಎಂದು ಅವನು ಕೇಳಿದ. ಅವಳು ಎಸಿ ಬಂದ್ ಮಾಡಿ, ಬೈಕಂಪಾಡಿಯ ಧೂಳು ತಿನ್ನುತ್ತಾ, ಬೆವರು ಒರೆಸುತ್ತಾ ಬಂದಳು. ಹತ್ತು ನಾಲ್ಕಾಯಿತು. ಆಮೇಲೆ ಒಂದು ಸಂಜೆ ಮನೆಗೆ ಬರುವಾಗ ಕೂಳೂರು ಸೇತುವೆಯ ಮೇಲೆ ಕಾಲಿನಡಿ ಏನೋ ಗುರ್ ಎಂದಿತು. ಎಂಜಿನ್ ಎದ್ದಿತ್ತು, ಪರದೆಯಲ್ಲಿ ಸೊನ್ನೆ ಇತ್ತು. ಮನೆಗೆ ಬಂದು ಆ ಸೊನ್ನೆಯ ಫೋಟೋವನ್ನೇ ಕಳಿಸಿದಳು. ಮೆಸೇಜಿನ ಬದಲು ಫೋನೇ ಬಂತು.

“ಸಂಚಿ, ಕಾಲೇಜು ಬಿಟ್ಟು ಎಲ್ಲಿಗೆ ಹೋದದ್ದು?”

“ಎಲ್ಲಿಗೂ ಇಲ್ಲ. ಸೀದಾ ಮನೆಗೆ.”

“ಬ್ಯಾಟರಿ ನಲವತ್ತು ಓಡ್ತದೆ. ನಿನ್ನ ದಾರಿ ಇಪ್ಪತ್ತೈದು. ಉಳಿದದ್ದು ಎಲ್ಲಿ ಹೋಯ್ತು?”

“ಬ್ಯಾಟರಿ ಹಳತಾಯ್ತು ಪೃಥ್ವಿ. ಮೊಬೈಲಿಂದು ಆಗುದಿಲ್ವಾ, ಹಾಗೆ.”

“ಮೊಬೈಲ್ ಬೇರೆ, ಇದು ಬೇರೆ ಮಾರಾಯ್ತಿ. ಇದಕ್ಕೆ ಎಂಟು ವರ್ಷ ವಾರಂಟಿ ಉಂಟು. ನಾಲ್ಕು ವರ್ಷದಲ್ಲಿ ಹೀಗೆ ಆಗುದಾ? ನನಗೆ ಹೇಳ್ಬೇಡ, ನಾನು ಇದೇ ಕೆಲಸ ಮಾಡುವವ.”

ನಗುತ್ತಲೇ ಹೇಳಿದ. ಆದರೆ ಫೋನ್ ಇಟ್ಟ ಮೇಲೆ ಆ ನಗು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತು. ಎಂಜಿನಿಯರುಗಳಿಗೆ ಇದೊಂದು ಕಾಯಿಲೆ. ಯಂತ್ರದ ಲೆಕ್ಕ ತಪ್ಪಿದರೆ ಯಂತ್ರ ಹಾಳಾಗಿದೆ ಅನ್ನುವುದಿಲ್ಲ, ಮೊದಲು ಅದನ್ನು ಮುಟ್ಟಿದವರ ಮುಖ ನೋಡುತ್ತಾರೆ. ಇವನೋ ಹೆಂಡತಿಯ ಮುಖವನ್ನೂ ನೋಡಲಾಗದಷ್ಟು ದೂರದಲ್ಲಿದ್ದ. ಅವನಿಗೆ ಕಾಣುತ್ತಿದ್ದದ್ದು ಅಂಕಿ ಮಾತ್ರ.

ಕಾರು ಒಟ್ಟು ಎಷ್ಟು ಓಡಿದೆ ಎಂಬುದು ಅದೇ ಪರದೆಯಲ್ಲಿ ಇನ್ನೊಂದು ಕಡೆ ಒತ್ತಿದರೆ ಕಾಣುತ್ತದೆ. ಬೆಳಗ್ಗೆ ಒಂದು, ಸಂಜೆ ಒಂದು ಫೋಟೋ ತೆಗೆದು ಕಳಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವಳಿಗೂ ಹೊಳೆದಿತ್ತು. ಬೆರಳು ಅಲ್ಲಿಯವರೆಗೆ ಹೋಗಿಯೂ ಇತ್ತು. ಆದರೆ ಒತ್ತಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳು ಸೀದಾ ಮನೆಗೆ ಬಂದೆ ಎಂಬ ಮಾತಿಗೆ ಸಾಕ್ಷಿ ಕಟ್ಟಿ ಕೊಡುವುದೆಂದರೆ ತನ್ನ ಮಾತಿಗೆ ಇನ್ನು ಬೆಲೆಯಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಆ ಒಂದು ವಿಷಯದಲ್ಲಿ ಸಂಚಿತಾ ಬಗ್ಗುವವಳಲ್ಲ. ಬಗ್ಗುವವಳಲ್ಲ ಎಂದೇ ಅವಳು ಅಂದುಕೊಂಡಿದ್ದಳು.

ಬ್ಯಾಟರಿ ಮಾತ್ರ ಯಾರ ಮಾನವನ್ನೂ ಕಾಯಲಿಲ್ಲ. ಎಂಜಿನ್ ಏಳುವ ಜಾಗ ದಿನಗಳೆದಂತೆ ಹಿಂದೆ ಹಿಂದೆ ಸರಿಯಿತು. ಕೂಳೂರು ಸೇತುವೆಯ ಮೇಲೆ ಏಳುತ್ತಿದ್ದದ್ದು ಸೇತುವೆಗೆ ಮೊದಲೇ ಎದ್ದಿತು. ಆಮೇಲೆ ಪಣಂಬೂರಿನಲ್ಲಿ. ಕಾಲೇಜಿನಿಂದ ಹೊರಟ ಕೂಡಲೇ ಅವಳ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಅಂಕಿಯ ಮೇಲೆಯೇ ಇರುತ್ತಿತ್ತು. ಕರೆಂಟು ಉಳಿಸಲೆಂದು ಮೆಲ್ಲ ಹೋದರೆ ಹಿಂದಿನ ಟ್ಯಾಂಕರಿನವರು ಕಿವಿ ಕೀಳುವ ಹಾಗೆ ಹಾರ್ನ್ ಹೊಡೆಯುತ್ತಿದ್ದರು. ಹೊಸಬೆಟ್ಟಿನವರೆಗೆ ದಿನಾ ಜೊತೆಗೆ ಬರುತ್ತಿದ್ದ ಸಹೋದ್ಯೋಗಿ ವಿನಿಫ್ರೆಡ್‌ಗೆ ಏನೋ ನೆಪ ಹೇಳಿ ಬಿಟ್ಟು ಬರತೊಡಗಿದಳು. ಮತ್ತೊಬ್ಬರ ಭಾರಕ್ಕೆ ಎಷ್ಟು ಕರೆಂಟು ಹೋದೀತೋ ಎಂಬ ಹೆದರಿಕೆ. ಸುಳ್ಳು ಹೇಳಲು ಬಾರದವಳು ಮೊದಲ ಸಲ ಸುಳ್ಳು ಹೇಳಿದ್ದು ಹೀಗೆ, ಅದೂ ಏನೂ ತಪ್ಪು ಮಾಡದೆ.

ಒಂದು ಸಂಜೆ ಗೇಟು ತೆರೆದು ಕಾರು ಒಳಗೆ ತರುವಾಗ ಜಲಜಾಕ್ಷಿ ಮನೆಯೆದುರಿನ ಸಿಟೌಟಿನ ಕುರ್ಚಿಯಲ್ಲಿ ಕೂತಿದ್ದರು. ಮರುದಿನವೂ ಕೂತಿದ್ದರು. ಆ ಹೊತ್ತಿಗೆ ಅವರು ಟಿವಿಯ ಮುಂದಿನಿಂದ ಏಳುವವರೇ ಅಲ್ಲ.

“ಮಾಮಿ, ಎಂತ ಈಗೀಗ ಇಲ್ಲಿ ಕೂತುಕೊಳ್ಳುದು?”

ಜಲಜಾಕ್ಷಿ ಸೆರಗು ಸರಿಮಾಡಿಕೊಂಡರು. “ಅವ ಫೋನ್ ಮಾಡಿ ಕೇಳ್ತಾನೆ ಮಗಾ. ಎಷ್ಟು ಗಂಟೆಗೆ ಬಂದ್ಲು, ಒಬ್ಬಳೇ ಬಂದ್ಲಾ ಅಂತ. ನೋಡದೆ ಹೇಳುದು ಹೇಗೆ? ನೋಡಿ ಹೇಳಿದ್ರೆ ನಿನಗೇ ಒಳ್ಳೇದಲ್ವಾ?”

ಸಂಚಿತಾ ಹೋಗಿ ಗೇಟಿನ ಚಿಲಕ ಹಾಕಿ ಬಂದಳು.

“ನಿನ್ನ ಮಾವ ಬೊಂಬಾಯಿಯಲ್ಲಿ ಹೋಟ್ಲು ಮಾಡಿಕೊಂಡಿದ್ರಲ್ಲ” ಎಂದು ಅತ್ತೆ ಮುಂದುವರಿಸಿದರು. “ಊರಿಂದ ಯಾರು ಹೋದ್ರೂ ಅವರತ್ರ ಕೇಳುದಂತೆ, ನನ್ನ ಹೆಂಡ್ತಿಯನ್ನು ಎಲ್ಲಿ ನೋಡಿದ್ರಿ, ಯಾವ ಸೀರೆ ಉಟ್ಟಿದ್ಲು ಅಂತ.”

“ನೀವು ಎಂತ ಮಾಡಿದ್ರಿ ಮತ್ತೆ?”

“ಎಂತ ಮಾಡುದು? ಹೊರಗೆ ಹೋಗುವಾಗ ಒಂದೇ ಸೀರೆ ಉಡ್ಲಿಕ್ಕೆ ಶುರು ಮಾಡಿದೆ.” ಜಲಜಾಕ್ಷಿ ಎದ್ದು ಒಳಗೆ ಹೋದರು. “ಬಾ, ಚಾ ತಣಿತದೆ.”

ಆ ರಾತ್ರಿ ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ಹೆದರಿಕೆ. ಅತ್ತೆ ಆ ಮಾತನ್ನು ನೋವಿನಿಂದ ಹೇಳಿರಲಿಲ್ಲ. ಮಳೆಗೆ ಕೊಡೆ ಹಿಡಿದೆ ಅನ್ನುವ ಹಾಗೆ ಹೇಳಿದ್ದರು.

ಶನಿವಾರ ಕಾಲೇಜು ಮುಗಿಸಿ ಸೀದಾ ಕಾರಿನ ಸರ್ವೀಸ್ ಸೆಂಟರಿಗೆ ಹೋದಳು. ತಾನು ಸಾಕ್ಷಿ ಹೇಳುವುದಿಲ್ಲ, ಬ್ಯಾಟರಿಯೇ ಹೇಳಲಿ. ಇದು ಅವಳು ಕಂಡುಕೊಂಡ ದಾರಿ. ಅಲ್ಲಿನ ಮುಖೇಶ್ ಎಂಬವನು ಕಾರಿಗೆ ಯಂತ್ರ ಜೋಡಿಸಿ ತುಂಬ ಹೊತ್ತು ನೋಡಿ, ತಲೆ ಕೆರೆದುಕೊಂಡು ಬಂದ.

“ಮೇಡಂ, ಅರ್ಧಕ್ಕಿಂತ ಕೆಳಗೆ ಇಳಿದಿದೆ ಇದು. ದಿನಾ ಫುಲ್ ಮಾಡಿ ಇಡ್ತೀರಾ? ಗಾಡಿ ನಿಲ್ಲಿಸುದು ಎಲ್ಲಿ?”

“ಹೌದು. ಹಾಗೆ ಮಾಡ್ಲೇಬೇಕು ಅಂತ ನಮ್ಮವರು ಹೇಳಿದ್ದು. ನಿಲ್ಲಿಸುದು ಮನೆಯಲ್ಲಿ ತಗಡಿನ ಶೆಡ್ಡಿನಡಿ, ಕಾಲೇಜಿನಲ್ಲಿ ಬಯಲಲ್ಲಿ.”

“ಅದೇ ತೊಂದರೆ ಆದದ್ದು. ರಾತ್ರಿಯಿಡೀ ಫುಲ್, ಮನೆಯಲ್ಲಿ ತಗಡಿನ ಮಾಡಿನ ಸೆಕೆ, ಕಾಲೇಜಿನಲ್ಲಿ ಇಡೀ ದಿನ ಬಿಸಿಲು. ಬ್ಯಾಟರಿ ಬೆಂದು ಹೋಗ್ತದೆ. ವಾರಂಟಿಗೆ ಕಂಪನಿಗೆ ಬರೆಯುವ, ತಿಂಗಳುಗಟ್ಟಲೆ ಹಿಡೀಬಹುದು. ಅಲ್ಲಿವರೆಗೆ ಎಂಬತ್ತು ಪರ್ಸೆಂಟಿಗಿಂತ ಮೇಲೆ ಚಾರ್ಜ್ ಹಾಕ್ಬೇಡಿ. ಎಂಜಿನಿಗೂ ಸ್ವಲ್ಪ ಕೆಲಸ ಕೊಡಿ.”

ಅವಳು ಅಲ್ಲಿಂದಲೇ ಪೃಥ್ವಿಗೆ ಫೋನ್ ಮಾಡಿ ಮುಖೇಶನ ಕೈಗೆ ಕೊಟ್ಟಳು. ಅವನು ಮೊದಲಿನಿಂದ ಎಲ್ಲ ಬಿಡಿಸಿ ಹೇಳಿದ. ಆ ಕಡೆಯಿಂದ ಪೃಥ್ವಿಯ ನಗು ಇವಳಿಗೂ ಕೇಳಿಸಿತು. ನನ್ನದೇ ತಪ್ಪು ಮಾರಾಯ್ರೇ, ಫುಲ್ ಮಾಡ್ಲಿಕ್ಕೆ ಹೇಳಿದ್ದು ನಾನೇ ಎನ್ನುತ್ತಿದ್ದ.

ಸಂಚಿತಾಳ ತಲೆಯ ಮೇಲಿನ ಹೊರೆ ಇಳಿಯಿತು. ಮನೆಗೆ ಬರುವಾಗ ಎಸಿ ಜೋರು ಮಾಡಿ, ಬೇಕೆಂದೇ ಪೆಟ್ರೋಲಿನಲ್ಲಿ ಓಡಿಸಿದಳು. ಎಂಜಿನಿನ ಸದ್ದು ಕೇಳಿ ಎಷ್ಟೋ ದಿನದ ಮೇಲೆ ನಗು ಬಂತು. ದಾರಿಯಲ್ಲಿ ನಿಲ್ಲಿಸಿ ಬಂಗುಡೆ ಮೀನು ತೆಗೆದುಕೊಂಡಳು. ಜಲಜಾಕ್ಷಿ ಅದಕ್ಕೆ ಮಸಾಲೆ ಹಚ್ಚುತ್ತಾ, ಇನ್ನು ಅವ ಕೇಳ್ಲಿಕ್ಕಿಲ್ಲ ಎಂದರು. ಕಾವಲಿಯಲ್ಲಿ ಮೀನು ಚುರ್ ಎನ್ನುವಾಗಲೇ ಪೃಥ್ವಿಯ ಫೋನ್ ಬಂತು.

“ಆ ಮುಖೇಶ್ ನಿನಗೆ ಮೊದಲಿಂದ ಪರಿಚಯವಾ?”

“ಇಲ್ಲ. ಇವತ್ತೇ ನೋಡಿದ್ದು. ಯಾಕೆ?”

“ಸುಮ್ಮನೆ. ಮೇಡಂ ಹೇಳಿದ್ದು ಸರಿ ಉಂಟು, ಮೇಡಂ ಹೇಳಿದ್ದು ಸರಿ ಉಂಟು ಅಂತ ಹೇಳ್ತಾ ಇದ್ದ. ಹಾಗೆ ಕೇಳಿದೆ.”

ಅವಳು ಮೀನು ಮಗುಚಿ ಹಾಕಿದಳು.

“ಇನ್ನು ಒಂದು ಕೆಲಸ ಮಾಡುವ ಸಂಚಿ” ಎಂದ ಅವನು, ಮಕ್ಕಳಿಗೆ ಹೇಳುವಷ್ಟು ಮೆತ್ತಗೆ. “ಸೋಮವಾರದಿಂದ ಬೆಳಗ್ಗೆ, ಸಂಜೆ ಎರಡು ಫೋಟೋ ಕಳಿಸು. ಗಾಡಿ ಎಷ್ಟು ಓಡಿದೆ ಅಂತಲೂ ಅದರಲ್ಲಿ ಬರ್ಲಿ. ಆಗ ಬ್ಯಾಟರಿ ಹೇಗಿದ್ರೂ ನಮ್ಮೊಳಗೆ ಕಿರಿಕಿರಿ ಇಲ್ಲ. ಅಲ್ವಾ?”

ಅವಳು ಆಯ್ತು ಎಂದಳು. ಜಗಳ ಮಾಡಲಿಲ್ಲ, ಅಳಲಿಲ್ಲ. ಅಲ್ಲ, ಇನ್ನೇನು ಮಾಡಬೇಕಿತ್ತು ಅವಳು? ಬ್ಯಾಟರಿಯ ತಪ್ಪು ಎಂದು ತೋರಿಸಿಕೊಟ್ಟಾಗಿತ್ತು, ತನ್ನದೇ ತಪ್ಪು ಎಂದು ಅವನೂ ಒಪ್ಪಿಯಾಗಿತ್ತು. ಸಂಶಯ ಮಾತ್ರ ಎದ್ದು ಹೋಗಲಿಲ್ಲ, ಕುರ್ಚಿ ಬದಲಿಸಿ ಕೂತಿತ್ತು.

ಸೋಮವಾರ ಬೆಳಗ್ಗೆ ಅವನು ಕೇಳಿದ ಹಾಗೆಯೇ ಅವಳು ಫೋಟೋ ಕಳಿಸಿದಳು. ಚಾರ್ಜು ಎಂಬತ್ತು, ಓಡಿದ್ದು ಇಷ್ಟು. ಆಮೇಲೆ ಕಾರನ್ನು ಅಲ್ಲೇ ಬಿಟ್ಟು, ಕೊಟ್ಟಾರ ಚೌಕಿಯವರೆಗೆ ನಡೆದು ಸುರತ್ಕಲ್ ಬಸ್ಸು ಹತ್ತಿದಳು. ಓಡದ ಕಾರಿಗೆ ಯಾರೂ ಲೆಕ್ಕ ಕೇಳುವ ಹಾಗಿಲ್ಲ ಎಂಬುದು ಅವಳ ಯೋಚನೆ. ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ, ಕಂಡಕ್ಟರ್ ಒಳಗೆ ಹೋಗಿ ಒಳಗೆ ಹೋಗಿ ಎಂದು ಬೊಬ್ಬೆ ಹೊಡೆಯುತ್ತಿದ್ದ. ಆದರೂ ಹಾಯೆನಿಸಿತು. ಸಂಜೆ ಮರಳುವಾಗ ವಿನಿಫ್ರೆಡ್ ಜೊತೆಗಿದ್ದಳು. ಹೊಸಬೆಟ್ಟು ಬರುವವರೆಗೆ ಇಬ್ಬರೂ ಕಂಬಿ ಹಿಡಿದು ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪಣಂಬೂರು ಬಂದು ಹೋದದ್ದೇ ಅವಳಿಗೆ ಗೊತ್ತಾಗಲಿಲ್ಲ.

ಜಲಜಾಕ್ಷಿ ಸಿಟೌಟಿನಲ್ಲೇ ಇದ್ದರು. ಸಂಚಿತಾ ನೇರ ಕಾರಿನ ಬಳಿ ಹೋಗಿ, ಸ್ವಿಚ್ಚು ಒತ್ತಿ, ಫೋಟೋ ತೆಗೆದು ಕಳಿಸಿದಳು. ಬೆಳಗ್ಗಿನ ಎಂಬತ್ತು ಎಂಬತ್ತಾಗಿಯೇ ಇತ್ತು. ಓಡಿದ ಲೆಕ್ಕದಲ್ಲಿ ಒಂದು ಅಂಕಿಯೂ ಆಚೀಚೆ ಆಗಿರಲಿಲ್ಲ. ಅವನು ನೋಡಿದ ಗುರುತು ಆ ಕ್ಷಣವೇ ಬಂತು. ಬರೆಯುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಒಂದು ಸಾಲು ಬಂತು.

‘ಇವತ್ತು ಯಾರ ಕಾರಲ್ಲಿ ಹೋದದ್ದು?’

ಅವಳು ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟಳು. ಜಲಜಾಕ್ಷಿ ಕನ್ನಡಕ ಏರಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಅವರ ಮುಖ ಇಳಿದುಹೋಯಿತು. ಸೊಸೆಯ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡು, ಪಕ್ಕದ ಮನೆಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

“ಬಸ್ಸಿನ ಟಿಕೇಟು ಉಂಟಲ್ಲ ಮಗಾ? ಬಿಸಾಡ್ಲಿಲ್ಲ ಅಲ್ಲ?”

ಸಂಚಿತಾಳ ಕೈ ಆಗಲೇ ಬ್ಯಾಗಿನೊಳಗೆ ಅದನ್ನೇ ಹುಡುಕುತ್ತಿತ್ತು.