ಗೇಣು ದೂರದ ಔಷಧಿ

ಮೊನ್ನೆ ಶಿವಮೊಗ್ಗದ ದುರ್ಗಿಗುಡಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹುಡುಗಿ ನನ್ನ ರಟ್ಟೆಗೆ ಪಟ್ಟಿ ಸುತ್ತಿ ರಬ್ಬರಿನ ಬುರುಡೆಯನ್ನು ಪುಸಪುಸ ಒತ್ತತೊಡಗಿದಳು. ಬಿಪಿ ನೋಡುವುದು ತಾನೇ, ಅದರಲ್ಲೇನಿದೆ ಎನ್ನುತ್ತೀರಿ. ನನಗೆ ಆ ಸದ್ದು ಆಗುವುದಿಲ್ಲ. "ಯಾಕಜ್ಜಿ ಇಷ್ಟು ಜಾಸ್ತಿ ಇದೆ? ಉಪ್ಪಿನಕಾಯಿ ಬಿಟ್ಟಿಲ್ವಾ?" ಎಂದಳು. ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅವತ್ತಿನದು ಉಪ್ಪಿನಕಾಯಿಯ ತಪ್ಪಾಗಿರಲಿಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳು. ನಾವು ಭದ್ರಾವತಿಯಲ್ಲಿದ್ದೆವು. ಅಪ್ಪ ಅಲ್ಲಿನ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಮೇಸ್ತ್ರಿ. ಇಪ್ಪತ್ತು ವರ್ಷ ಮರಳಿನ ಧೂಳು, ಕಲ್ಲಿದ್ದಲ ಹೊಗೆ ಕುಡಿದರು. ಅದು ಸಾಲದೆಂಬಂತೆ ಬೀಡಿ ಬೇರೆ. ಐವತ್ತು ತುಂಬುವುದರೊಳಗೆ, ಬಚ್ಚಲಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುವ ಸ್ಥಿತಿ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರೇ. ನಾನು ದಿನಾ ರೈಲಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿಬರುತ್ತಿದ್ದೆ. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ ಜಂಬ ಮೈತುಂಬ ಇತ್ತು.

ಭದ್ರಾವತಿಯ ಡಾಕ್ಟರೊಬ್ಬರು ಅಪ್ಪನಿಗೆ ಗಾಜಿನದೊಂದು ಉಪಕರಣ ಬರೆದುಕೊಟ್ಟರು. ಇಂದಿನ ಇನ್ಹೇಲರಿನ ಅಜ್ಜ ಎನ್ನಿ. ಅದರ ಹೊಟ್ಟೆಯಲ್ಲಿ ಹನಿ ಔಷಧಿ, ಒಂದು ಕಡೆ ಬಾಯಲ್ಲಿಟ್ಟುಕೊಳ್ಳುವ ಕೊಳವೆ, ಇನ್ನೊಂದು ಕಡೆ ರಬ್ಬರ್ ಬುರುಡೆ. ಒತ್ತಿದರೆ ಔಷಧಿ ಮಂಜಾಗಿ ಹೊರಡುತ್ತಿತ್ತು. "ಮೂರು ಸಲ, ಹೆಚ್ಚೆಂದ್ರೆ ನಾಲ್ಕು. ಕಮ್ಮಿ ಆಗ್ಲಿಲ್ಲ ಅಂತ ಒತ್ತುತ್ತಾ ಕೂತ್ಕೋಬೇಡಿ, ನನ್ನ ಹತ್ರ ಬನ್ನಿ. ಎದೆ ಡವಡವ ಅಂದ್ರೆ ಅಲ್ಲಿಗೇ ನಿಲ್ಲಿಸಿ" ಎಂದು ಬೆರಳು ಮಡಿಸಿ ಹೇಳಿದರು. ಹಿಡಿಯುವ ಕ್ರಮ ತೋರಿಸಿಕೊಡಲು ಕಾಂಪೌಂಡರ್ ಮುನಿಸಾಮಿಯನ್ನು ಕರೆದರು.

ಮುನಿಸಾಮಿ ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಅತಿಯಾಯಿತು. ಹೇಳಿದರೆ ಸಾಲದೆಂದು ಕೊಳವೆಯನ್ನು ತನ್ನ ಬಾಯಲ್ಲೇ ಇಟ್ಟುಕೊಂಡು ತೋರಿಸಿದ. "ಇಂಗೆ ಸಾರ್. ತುಟಿ ಟೈಟಾಗಿ ಮುಚ್ಬೇಕು. ಉಸಿರು ಎಳೀವಾಗ್ಲೇ ಒತ್ಬೇಕು." ಆಮೇಲೆ ಕುದಿಯುವ ನೀರಿನಲ್ಲಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಅಪ್ಪನಿಗೆ ಕೊಟ್ಟ.

ನಮ್ಮ ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿದವರಲ್ಲ. ನೀರೂ ಎತ್ತಿ, ಕಾಫಿಯೂ ನಾಲಿಗೆ ಸುಟ್ಟುಕೊಂಡು ಎತ್ತಿಯೇ. ಹೆತ್ತ ಮಗಳ ಎಂಜಲನ್ನೇ ಮುಟ್ಟದ ಅಪ್ಪ ಮುನಿಸಾಮಿಯ ಎಂಜಲನ್ನು ಬಾಯಲ್ಲಿಟ್ಟುಕೊಳ್ಳುವುದುಂಟೇ? ಅದೂ ಅವನ ಜಾತಿ ಯಾವುದೆಂದು ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡ ಮೇಲೆ!

"ಮನೇಲಿ ನಾನೇ ಮತ್ತೆ ನಾಲ್ಕು ಸಲ ಕುದಿಸಿದೀನಲ್ಲಪ್ಪ" ಎಂದೆ.

"ಗಾಜು ಕುದಿಸ್ತೀಯ ಮಾರಾಯ್ತಿ, ಮನಸ್ಸನ್ನ ಹೆಂಗೆ ಕುದಿಸ್ಲಿ?" ಎಂದು ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ಮೈ ಉರಿಯುತ್ತದೆ. ಕೊಳವೆಯನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಅಪ್ಪ ಔಷಧಿಯನ್ನೂ ಎತ್ತಿಯೇ ಕುಡಿದರು.

ಔಷಧಿ ಮೀಸೆಗೆ ಹೋಯಿತು, ಕನ್ನಡಕಕ್ಕೆ ಹೋಯಿತು, ಗೋಡೆಯ ಕ್ಯಾಲೆಂಡರಿಗೂ ಹೋಯಿತು. ಎದೆಗೆ ಹೋದದ್ದು ಎಷ್ಟೋ ದೇವರೇ ಬಲ್ಲ. ಮೂರಕ್ಕೆ ಆಗದ್ದು ಹತ್ತಕ್ಕೆ, ಹತ್ತಕ್ಕೆ ಆಗದ್ದು ಇಪ್ಪತ್ತಕ್ಕೆ. ಇಪ್ಪತ್ತು ಸಲ ಒತ್ತಿದರೆ ಒಂದಿಷ್ಟು ಹಗುರವಾಗುತ್ತಿತ್ತು. ಕೈಗೆ ಅದೇ ರೂಢಿಯಾಯಿತು.

ತಿಂಗಳಾದ ಮೇಲೆ ಮತ್ತೆ ಹೋದೆವು. "ಬಾಯಲ್ಲಿ ಇಟ್ಕೊಂಡೇ ತಗೊಳ್ತಿದೀರಾ? ಎಷ್ಟು ಸಲ?" ಎಂದು ಡಾಕ್ಟರು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಪಕ್ಕದಲ್ಲೇ ಮುನಿಸಾಮಿ ಸೀಸೆಗೆ ಚೀಟಿ ಅಂಟಿಸುತ್ತ ನಿಂತಿದ್ದ. ಅವನೆದುರಿಗೆ ಹೇಗೆ ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಕಾಲೇಜು ಹುಡುಗಿಯ ಮನೆಯಲ್ಲಿ ಇಂಥ ಕಂದಾಚಾರವೇ ಎಂದು ಡಾಕ್ಟರು ನಕ್ಕುಬಿಟ್ಟರೆ? "ಹೂಂ ಡಾಕ್ಟ್ರೇ, ನೀವು ಹೇಳಿದ ಹಾಗೇ. ಮೂರೇ ಸಲ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

"ಹಂಗಾದ್ರೆ ಈ ಔಷಧಿ ಸಾಲ್ತಿಲ್ಲ" ಎಂದು ಅವರು ಇನ್ನೂ ಖಡಕ್ಕಾದ ಹನಿ ಬರೆದುಕೊಟ್ಟರು. ಅವರ ತಪ್ಪೇನು ಹೇಳಿ?

ಆ ಹನಿಯೂ ಕೆಲವು ವಾರ ಗೇಣು ದೂರದಿಂದಲೇ ನಡೆಯಿತು. ಒಂದು ದಿನ ತೊಳೆಯುವಾಗ ಗಾಜು ನನ್ನ ಕೈಜಾರಿ ಒಡೆಯಿತು. ಒಳಗೊಳಗೇ ನನಗೆ ಖುಷಿ. ಶಿವಮೊಗ್ಗದಲ್ಲಿ ಕಾಲೇಜು ಬಿಟ್ಟವಳೇ ಔಷಧಿ ಅಂಗಡಿಗೆ ಹೋಗಿ ಹೊಸದನ್ನು ತಂದೆ. "ನೋಡಪ್ಪ, ಹೊಚ್ಚ ಹೊಸದು. ಯಾರ ಬಾಯೂ ತಾಗಿಲ್ಲ. ಇನ್ನಾದ್ರೂ ಬಾಯಲ್ಲಿ ಇಟ್ಕೋ" ಎಂದೆ. "ನನ್ನ ಮಗಳು ಜಾಣೆ ಕಣೇ" ಎಂದರು ಅಪ್ಪ.

ಮರುದಿನ ಭಾನುವಾರ. ಪಕ್ಕದ ಮನೆಯಲ್ಲಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದರು. ಆ ಘಾಟಿಗೆ ಅಪ್ಪನ ಎದೆ ಕಟ್ಟಿತು. ಹೊಸ ಕೊಳವೆಯನ್ನು ಬಾಯಲ್ಲಿಟ್ಟು, ಮುನಿಸಾಮಿ ತೋರಿಸಿದ ಹಾಗೆಯೇ ತುಟಿ ಬಿಗಿದು, ಉಸಿರೆಳೆಯುತ್ತ ಒತ್ತತೊಡಗಿದರು. ಖಡಕ್ ಔಷಧಿ, ಮೊದಲ ಬಾರಿಗೆ ಪೂರ್ತಿ ಒಳಗೆ, ಕೈಗೋ ಇಪ್ಪತ್ತರ ಅಭ್ಯಾಸ. ನಾನು ಎದುರಿಗೇ ಕೂತಿದ್ದೆ. ಮೂರಕ್ಕೆ ಕೈ ಹಿಡಿಯಬೇಕಾದವಳು, ಅಂತೂ ಸರಿಯಾಗಿ ತಗೊಂಡರಲ್ಲ ಎಂದು ಹಿಗ್ಗುತ್ತ ನೋಡುತ್ತಿದ್ದೆ.

"ಎದೆ ಯಾಕೋ ಓಡ್ತಿದೆ ಕಣೇ" ಎಂದರು. ಡಾಕ್ಟರನ್ನು ಕರೆತರುವಷ್ಟರಲ್ಲಿ ಅಪ್ಪ ಇರಲಿಲ್ಲ.

ಮುನಿಸಾಮಿ ಅಂಗಳದಲ್ಲೇ ನಿಂತು ಅತ್ತ. "ನಾನು ಸರಿಯಾಗಿ ಏಳ್ಕೊಡ್ಲಿಲ್ವಾ ಅಮ್ಮಾ? ಇಂಗೆ ಅಂತ ತೋರಿಸ್ದೆ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬಂದ ಜನ ಮಾತಾಡಿಕೊಂಡರು: "ಆ ಕಾಂಪೌಂಡರ್ ಏನು ತಿಳ್ಕೊಂಡು ಹೇಳ್ಕೊಟ್ನೋ ಏನೋ!" ಅದೂ ಕಿವಿಗೆ ಬಿತ್ತು. ಆಗಲೂ ತುಟಿ ಬಿಚ್ಚಲಿಲ್ಲ. ಕೆಲವು ತಿಂಗಳಲ್ಲಿ ಅವನು ಕೆಲಸ ಬಿಟ್ಟು ತನ್ನ ಊರಿಗೆ ಹೊರಟುಹೋದ. ಸುದ್ದಿ ಕೇಳಿದಾಗ ನನಗೆ ಸಮಾಧಾನವೇ ಆಯಿತು. ಥೂ, ಎಂಥ ಜನ್ಮ ನನ್ನದು!

"ನಿಮ್ಮನೇಲಿ ಯಾರಿಗಾದ್ರೂ ಉಬ್ಬಸ ಇತ್ತಾ ಅಜ್ಜಿ?" ಡಾಕ್ಟರ್ ಹುಡುಗಿ ಪಟ್ಟಿ ಬಿಚ್ಚುತ್ತ ಕೇಳಿದಳು.

"ನಮ್ಮಪ್ಪಂಗೆ."

"ಅದ್ರಲ್ಲೇ ಹೋದ್ರಾ?"

ಅರುವತ್ತು ವರ್ಷದಿಂದ ಈ ಪ್ರಶ್ನೆಗೆ ಹೂಂ ಎನ್ನುತ್ತ ಬಂದವಳು ನಾನು. ಅವತ್ತು ಏನಾಯಿತೋ. "ಇಲ್ಲಮ್ಮ. ನಾನು ಡಾಕ್ಟ್ರ ಹತ್ರ ಸುಳ್ಳು ಹೇಳಿದ್ದಕ್ಕೆ ಹೋದ್ರು" ಎಂದೆ.

ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು, ನಾನು ಎದ್ದು ಬಂದೆ. ಹೇಳಿದ್ದೇನೋ ಹೇಳಿದೆ, ಆದರೆ ಹೇಳಬೇಕಾಗಿದ್ದುದು ಮುನಿಸಾಮಿಗೆ.